ಭಾನುವಾರ ಸಂಸತ್ತಿನ ಗ್ರಂಥಾಲಯ ನೋಡೋಣ, ರಾಯಚೂರಿನಲ್ಲೇ ಕೂತು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 9ಕ್ಕೆ, ಬಿಸಿಲು ಏರುವ ಮುಂಚೆ, ನಮ್ಮ ಎಂದಿನ ಓದುವ ಕೋಣೆಯಲ್ಲಿ ಸೇರೋಣ. ಪರೀಕ್ಷೆಗೆ ಓದುತ್ತಿರುವವರು ತಪ್ಪದೇ ಬನ್ನಿ.

ಸಂಸತ್ತಿನ ಗ್ರಂಥಾಲಯ 1921ರಿಂದ ಇದೆ. ಅದರ ಸಂಶೋಧನಾ ವಿಭಾಗಕ್ಕೆ ಸಂಸದರು ಒಂದು ವಿಷಯ ಕೇಳಿದರೆ ಸಾಕು, ಸಿಬ್ಬಂದಿ ಅಂಕಿಅಂಶ, ಹಿನ್ನೆಲೆ ಹುಡುಕಿ ಕೊಡುತ್ತಾರೆ. ಯಾವ ಪಕ್ಷ ಅಂತ ನೋಡುವುದಿಲ್ಲ. ಆ ಸೌಲಭ್ಯ ನಮಗಿಲ್ಲ. ಆದರೆ ಸಂಸತ್ತಿನ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ಉಚಿತ. ಸಂವಿಧಾನ ರಚನಾ ಸಭೆಯ ಚರ್ಚೆಗಳಿಂದ ಹಿಡಿದು ಸಮಿತಿಗಳ ವರದಿವರೆಗೆ ಅಲ್ಲಿ ಸಿಗುತ್ತದೆ.

ನಾವು ಹುಡುಕುವುದು ಒಂದೇ ವಿಷಯ: 371ಜೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಅದರ ಮೀಸಲಾತಿ ಪ್ರಮಾಣಪತ್ರಕ್ಕೆ ನಾವೆಲ್ಲ ಸಾಲು ನಿಂತವರೇ, ಅಲ್ವಾ? ಆದರೆ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಅದರ ಬಗ್ಗೆ ಯಾರು ಏನು ಮಾತಾಡಿದರು ಅಂತ ಓದಿದವರು ಎಷ್ಟು ಜನ? ನಾನೂ ಓದಿರಲಿಲ್ಲ. ಸುಮ್ನೆ ಫಾರ್ವರ್ಡ್ ನಂಬಿದ್ದೆ. ಸಮಯ ಉಳಿದರೆ ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳನ್ನೂ ಹುಡುಕೋಣ.

ಫೋನ್ ಪೂರ್ತಿ ಚಾರ್ಜ್ ಮಾಡಿ ತನ್ನಿ, ಕರೆಂಟ್ ನಂಬಬೇಡಿ. ಲ್ಯಾಪ್‌ಟಾಪ್ ಇದ್ದವರು ಇಲ್ಲೇ ಹೇಳಿ, ನಾಲ್ಕು ಬೇಕು. ಚರ್ಚೆಗಳು ಜಾಸ್ತಿ ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡದಲ್ಲಿ ಬಿಡಿಸಿ ಹೇಳಲು ಇಬ್ಬರು ಮುಂದೆ ಬನ್ನಿ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು ಹಾಕಿ. ಬರೀ ಹೆಬ್ಬೆರಳು ಒತ್ತಬೇಡಿ, ಮಂಡಕ್ಕಿ ಮಿರ್ಚಿ ಲೆಕ್ಕ ತಪ್ಪುತ್ತದೆ.