ಲಡಾಖಿಗೆ ಮೊದಲು ಮಾಗಡಿ

ಬಸವನಗುಡಿ, ಬೆಂಗಳೂರು

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ, ನಿಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇವೆ.

ಬರುವ ಜೂನಿನಲ್ಲಿ ಹೊಸ ಬೈಕು ಕೊಂಡು ಲಡಾಖಿಗೆ ಹೊರಡುವ ನಿನ್ನ ಯೋಚನೆ ತಿಳಿದಾಗಿನಿಂದ ಅಕ್ಕ ನನಗೆ ಫೋನ್ ಮಾಡಿ, "ನೀನಾದರೂ ಅವಳಿಗೆ ಬುದ್ಧಿ ಹೇಳೋ" ಎನ್ನುತ್ತಿದ್ದಾಳೆ. ಅವಳು ಬಯಸಿದ ಅರ್ಥದಲ್ಲಿ ನಾನು ಬುದ್ಧಿ ಹೇಳಲಾರೆ. ಡಾಂಬರು ಮುಗಿದು ಮಣ್ಣು ಶುರುವಾದ ಮೇಲೂ ಮುಂದಕ್ಕೆ ಸಾಗುವ ಈ ಬಗೆಯ ಸವಾರಿ ನನಗೆ ಕೊಟ್ಟಷ್ಟು ಸಂತೋಷವನ್ನು ಬೇರೆ ಯಾವ ಹವ್ಯಾಸವೂ ಕೊಟ್ಟಿಲ್ಲ. ಅದು ನಿನಗೂ ದಕ್ಕಲಿ ಎಂದೇ ನನ್ನ ಹಾರೈಕೆ. ನಾನು ಕೇಳಿಕೊಳ್ಳುವುದು ಒಂದನ್ನೇ: ಲಡಾಖನ್ನು ಒಂದು ವರ್ಷ ಮುಂದಕ್ಕೆ ಹಾಕು, ಆ ವರ್ಷವನ್ನು ಬೆಂಗಳೂರಿನ ಸುತ್ತಮುತ್ತಲ ಮಣ್ಣುದಾರಿಗಳಿಗೆ ಕೊಡು. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಫೋನಿನಲ್ಲಿ ವಿವರಿಸುವುದು ಕಷ್ಟವಾದ್ದರಿಂದ ಈ ಪತ್ರ.

ಮೊದಲು ಬೈಕಿನ ಮಾತು. ನಿನ್ನ ಮನಸ್ಸು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಮೇಲಿದೆ. 2023ರಲ್ಲಿ ಬಂದ ಆ ಬೈಕು ದೂರದ ಪ್ರಯಾಣಕ್ಕೆ ನಿಜಕ್ಕೂ ಒಳ್ಳೆಯದು. 452 ಸಿಸಿಯ ಎಂಜಿನ್, 17 ಲೀಟರಿನ ಟ್ಯಾಂಕ್, ಹೊರೆ ಹೊತ್ತು ಹೆದ್ದಾರಿಯಲ್ಲಿ ಆಯಾಸವಿಲ್ಲದೆ ಓಡುವ ಶಕ್ತಿ, ಎಲ್ಲವೂ ಅದಕ್ಕಿದೆ. ಆದರೆ ಪೆಟ್ರೋಲ್ ತುಂಬಿಸಿದಾಗ ಅದರ ತೂಕ 196 ಕಿಲೋ. ಇದೇ ಬಗೆಯ ಚಿಕ್ಕ ಬೈಕಾದ ಹೀರೋ ಎಕ್ಸ್‌ಪಲ್ಸ್ 200ರ ತೂಕ ಹೆಚ್ಚುಕಡಿಮೆ 160 ಕಿಲೋ. ಎರಡರ ಸೀಟೂ ನೆಲದಿಂದ ಸುಮಾರು 825 ಮಿಲಿಮೀಟರ್ ಎತ್ತರದಲ್ಲಿರುವುದರಿಂದ, ಐದಡಿ ಮೂರಂಗುಲದ ನಿನ್ನ ಪಾದ ಎರಡರಲ್ಲಿಯೂ ಪೂರ್ತಿ ಊರದು, ತುದಿಗಾಲಿನಲ್ಲಿಯೇ ನಿಭಾಯಿಸಬೇಕು. ತುದಿಗಾಲಿನಲ್ಲಿ ನಿಂತವಳಿಗೆ ಆ ಮೂವತ್ತಾರು ಕಿಲೋ ವ್ಯತ್ಯಾಸ ಏನೆಂಬುದು ಜಲ್ಲಿ ತುಂಬಿದ ಇಳಿಜಾರಿನಲ್ಲಿ ಬೈಕು ಒಂದು ಪಕ್ಕಕ್ಕೆ ವಾಲತೊಡಗಿದ ಕ್ಷಣ ಗೊತ್ತಾಗುತ್ತದೆ. ಈ ಜಾತಿಯ ಬೈಕುಗಳ ಮುಂದಿನ ಚಕ್ರ 21 ಅಂಗುಲದ್ದು. ದೊಡ್ಡ ಚಕ್ರ ಕಲ್ಲಿಗೆ ಡಿಕ್ಕಿ ಹೊಡೆಯದೆ ಅದನ್ನು ಹತ್ತಿ ದಾಟುತ್ತದೆ, ಗುಂಡಿಯಲ್ಲಿ ಕಡಿಮೆ ಮುಳುಗುತ್ತದೆ. ಆ ಗುಣ ಎರಡರಲ್ಲಿಯೂ ಇದೆ. ಆದ್ದರಿಂದ ಮೊದಲ ವರ್ಷಕ್ಕೆ ಚೆನ್ನಾಗಿ ನೋಡಿಕೊಂಡ ಒಂದು ಹಳೆಯ 200 ಸಿಸಿ ಬೈಕನ್ನು ಕೊಳ್ಳು ಎಂಬುದು ನನ್ನ ಸಲಹೆ. ಹೆದ್ದಾರಿಯಲ್ಲಿ ಅದು ಎಂಬತ್ತರ ವೇಗದಲ್ಲಿ ನೆಮ್ಮದಿಯಾಗಿ ಹೋಗುತ್ತದೆ, ಕಲಿಯುವವಳಿಗೆ ಅದಕ್ಕಿಂತ ವೇಗ ಬೇಕಾಗಿಲ್ಲ. ಉಳಿದ ಹಣ ಬ್ಯಾಂಕಿನಲ್ಲಿರಲಿ.

ಮಣ್ಣಿನಲ್ಲಿ ಬೈಕು ಬೀಳುತ್ತದೆ. ಇದನ್ನು ಅವಮಾನವೆಂದು ತಿಳಿಯಬೇಡ, ಎಂಥ ಪಳಗಿದವರ ಬೈಕೂ ಬೀಳುತ್ತದೆ. ಆದರೆ ಬಿದ್ದ ಬೈಕನ್ನು ಒಬ್ಬಳೇ ಎತ್ತಲು ಬರುವ ತನಕ ಒಬ್ಬಳೇ ಮಣ್ಣುದಾರಿಗೆ ಇಳಿಯಬೇಡ. ಎತ್ತುವುದಕ್ಕೂ ಒಂದು ಕ್ರಮವಿದೆ. ಎಂಜಿನ್ ಆರಿಸಿ, ಉರುಳದಂತೆ ಗೇರಿನಲ್ಲಿ ಇಡು. ಬಲಕ್ಕೆ ಬಿದ್ದಿದ್ದರೆ, ಎತ್ತಿದ ರಭಸಕ್ಕೆ ಎಡಕ್ಕೆ ಉರುಳಿಬೀಳದಂತೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆದಿಡು. ಹ್ಯಾಂಡಲನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿಯನ್ನೂ ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರಿನ ಕಂಬಿಯನ್ನೂ ಹಿಡಿದು, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಏಳು. ತೋಳಿನಿಂದ ಎತ್ತಲು ಹೋದರೆ ಬೆನ್ನು ಹಿಡಿದುಕೊಳ್ಳುತ್ತದೆ, ಬೈಕು ಮಾತ್ರ ಇದ್ದಲ್ಲೇ ಇರುತ್ತದೆ.

ಬೈಕಿನಷ್ಟೇ ಮುಖ್ಯವಾದದ್ದು ಮೈಮೇಲಿನ ರಕ್ಷಣೆ. ಮುಖ ಮುಚ್ಚುವ ಹೆಲ್ಮೆಟ್ಟೇ ಬೇಕು, ಅದರ ಮೇಲೆ ಹೆಲ್ಮೆಟ್ಟುಗಳ ಭಾರತೀಯ ಮಾನಕವಾದ ಐಎಸ್ 4151ರ ಐಎಸ್ಐ ಗುರುತು ಇರಲೇಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹತ್ತಾರನ್ನು ಹಾಕಿ ನೋಡು. ಹಾಕಿಕೊಂಡು ತಲೆ ಅಲ್ಲಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಎಳೆಯುವಷ್ಟು ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರ ಜಜ್ಜಿಹೋಗಿರುತ್ತದೆ, ಹೊರಗೆ ಗೀರು ಕಾಣದಿದ್ದರೂ ಅದನ್ನು ಮತ್ತೆ ಬಳಸಬಾರದು. ಮೊಣಕೈ, ಭುಜ, ಬೆನ್ನಿಗೆ ಕವಚವಿರುವ ಜಾಕೆಟ್ಟು, ಮಂಡಿಗೆ ಗಾರ್ಡು, ಕೈಗವಸು ಇವೆಲ್ಲ ನಿನಗೆ ಗೊತ್ತಿರುವುದೇ. ಹೊಸಬರು ಮರೆಯುವುದು ಬೂಟನ್ನು. ಮಣ್ಣಿನಲ್ಲಿ ಬೀಳುವಾಗ ಕಾಲು ಬೈಕಿನ ಕೆಳಗೆ ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು, ಮುರಿಯುವುದು ಕಣಕಾಲು. ಕಣಕಾಲಿನ ಮೇಲಕ್ಕೆ ಬರುವ ಗಟ್ಟಿ ಬೂಟಿಲ್ಲದೆ ಓಡಾಡುವ ಷೂ ಹಾಕಿಕೊಂಡು ಹೊರಟರೆ ನಾನು ನಿನ್ನನ್ನು ಗೇಟಿನಲ್ಲಿಯೇ ನಿಲ್ಲಿಸುತ್ತೇನೆ.

ಇನ್ನು ಕಲಿಕೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿ ನೀನು ಗಳಿಸಿದ ಎಚ್ಚರಿಕೆ ದೊಡ್ಡದೇ, ಆದರೆ ಮಣ್ಣು ಬೇರೆಯೇ ಪಾಠ ಕಲಿಸುತ್ತದೆ. ಅಲ್ಲಿ ಕಾಲಿಡುವ ಫುಟ್‌ಪೆಗ್‌ಗಳ ಮೇಲೆ ಎದ್ದು ನಿಂತು ಓಡಿಸಬೇಕು. ಮಂಡಿಗಳಿಂದ ಟ್ಯಾಂಕನ್ನು ಹಿಡಿದು, ಮೊಣಕೈ ಸ್ವಲ್ಪ ಬಾಗಿಸಿ, ಹ್ಯಾಂಡಲನ್ನು ಬಿಗಿಯದೆ ಹಗುರವಾಗಿ ಹಿಡಿದರೆ, ಕೆಳಗೆ ಬೈಕು ಎಡಬಲಕ್ಕೆ ಆಡಿದರೂ ನಿನ್ನ ಮೈ ನೆಟ್ಟಗಿರುತ್ತದೆ, ಏಟು ಬೆನ್ನುಹುರಿಗೆ ಹೋಗದೆ ಕಾಲುಗಳಲ್ಲಿಯೇ ಇಂಗುತ್ತದೆ. ಕಣ್ಣು ಮುಂದಿನ ಚಕ್ರದ ಮುಂದಿರುವ ಕಲ್ಲಿನ ಮೇಲಿರದೆ ಹೋಗಬೇಕಾದ ಜಾಗದ ಮೇಲಿರಲಿ. ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರುತ್ತದೆ. ಹಾಗೆಂದು ಅದನ್ನು ಬಿಟ್ಟೇಬಿಟ್ಟರೆ ಬೈಕು ನಿಲ್ಲುವುದೂ ಇಲ್ಲ. ಒಂದೇ ಬೆರಳಿನಲ್ಲಿ, ಮೆತ್ತಗೆ, ಹಿಂದಿನ ಬ್ರೇಕಿನೊಂದಿಗೆ ಸೇರಿಸಿ ಹಿಡಿಯುವುದನ್ನು ಕೈ ತಾನಾಗಿ ಕಲಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು. ಇದನ್ನು ಗುರುವಿನಿಂದ ಕಲಿತರೆ ಒಳ್ಳೆಯದು. 2015ರಲ್ಲಿ ಮರಳು, ಕಲ್ಲುಗಳ ದಾರಿಯಲ್ಲಿ ಹಲವು ದಿನ ನಡೆಯುವ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ನಮ್ಮ ಬೆಂಗಳೂರಿನವರು, ಮಣ್ಣಿನ ಸವಾರಿ ಕಲಿಸಲೆಂದೇ ಅವರು ಕೋಲಾರದ ಬಳಿ ಬಿಗ್ ರಾಕ್ ಎಂಬ ತಾಣವನ್ನು ಕಟ್ಟಿದರು. ಅಂಥ ಕಡೆ ಕಳೆಯುವ ಒಂದು ವಾರಾಂತ್ಯಕ್ಕೆ, ನೀನೊಬ್ಬಳೇ ತಡಕಾಡುವ ಅರ್ಧ ವರ್ಷ ಸಮವಲ್ಲ. ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂದ ಅಕ್ಕನಿಗೆ ನಾನು ಐಶ್ವರ್ಯಾ ಪಿಸ್ಸೆಯವರ ಹೆಸರು ಹೇಳಿದೆ. 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಮಣ್ಣುದಾರಿ ರೇಸುಗಳಾದ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದ ಅವರೂ ಇದೇ ಊರಿನವರು.

ಕಲಿತದ್ದನ್ನು ಅಭ್ಯಾಸ ಮಾಡಲು ದೂರ ಹೋಗಬೇಕಾಗಿಲ್ಲ. ಮಾಗಡಿ, ಕನಕಪುರ, ದೇವರಾಯನದುರ್ಗದ ಕಡೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿದಾರಿಗಳಲ್ಲಿ ಜಲ್ಲಿ, ಮರಳು, ಕೆಸರು, ಬಂಡೆ ಎಲ್ಲವೂ ಸಿಗುತ್ತವೆ. ಸುಗ್ಗಿಯ ತಿಂಗಳುಗಳಲ್ಲಿ ಈ ಕಡೆ ಹೋದಾಗ ಒಂದು ವಿಷಯ ನೆನಪಿಡು. ರೈತರು ಹುರುಳಿ, ರಾಗಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರವಿರುತ್ತಾರೆ. ತಿರುವು ದಾಟಿದೊಡನೆ ಮೊಣಕಾಲುದ್ದ ಹುರುಳಿಯ ಸೆತ್ತೆ ಎದುರಾಗುತ್ತದೆ. ಕಾರಿನ ಚಕ್ರ ಅದನ್ನು ತುಳಿದು ಹೋಗಬಹುದು, ಬೈಕಿಗೆ ಅದು ಎಣ್ಣೆ ಚೆಲ್ಲಿದ ನೆಲ. ಬ್ರೇಕ್ ಹಿಡಿದರೆ ಜಾರುತ್ತದೆ, ಹಿಡಿಯದೆ ನುಗ್ಗಿದರೆ ಬಳ್ಳಿ ಹಿಂದಿನ ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತದೆ. ಒಣಗಿದ ಸೊಪ್ಪು ಕಾದ ಸೈಲೆನ್ಸರಿಗೆ ಅಂಟಿ ಬೆಂಕಿ ಹತ್ತುವುದೂ ಉಂಟು. ಮುಂಚೆಯೇ ವೇಗ ತಗ್ಗಿಸು, ಪಕ್ಕದಲ್ಲಿ ಒಂದು ಅಡಿ ಬರಿ ನೆಲವಿದ್ದರೂ ಅದರ ಮೇಲೆ ಹೋಗು, ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ ಸಿಕ್ಕಿಕೊಂಡಿದ್ದನ್ನು ಕಿತ್ತುಹಾಕು.

ನೀರಿನ ವಿಷಯದಲ್ಲಿ ಇಷ್ಟು ಸಾಕು: ಮಳೆಗಾಲದ ಹಳ್ಳವನ್ನು ಮೊದಲು ನಡೆದು ದಾಟು. ನಡೆಯಲು ಹೆದರಿಕೆಯಾಗುವ ನೀರಿಗೆ ಬೈಕು ಇಳಿಸಬಾರದು. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡ, ಒಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಹಾಕಿದ ಮೇಲಷ್ಟೇ ಮುಂದಿನ ಮಾತು.

ಮಣ್ಣಿನಲ್ಲಿ ಕೈ ಪಳಗುತ್ತಿರುವಾಗಲೇ ದೂರವನ್ನೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸು. ಮೊದಲು ಇನ್ನೂರು ಕಿಲೋಮೀಟರ್ ಹೋಗಿ ಸಂಜೆಯೊಳಗೆ ಹಿಂದಿರುಗುವುದು, ಆಮೇಲೆ ಚಿತ್ರದುರ್ಗದಲ್ಲೋ ಸಕಲೇಶಪುರದಲ್ಲೋ ಒಂದು ರಾತ್ರಿ ಉಳಿಯುವುದು, ಆಮೇಲೆ ಹಂಪಿ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಇಳಿದು, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಉಂಡು ಹೆದ್ದಾರಿಗೆ ಹೋಗಬೇಡ. ಎರಡರಿಂದ ನಾಲ್ಕರವರೆಗಿನ ತೂಕಡಿಕೆ ಯಾರನ್ನೂ ಬಿಡುವುದಿಲ್ಲ. ಕತ್ತಲಾದ ಮೇಲೆ ಅಪರಿಚಿತ ದಾರಿಯಲ್ಲಿ ಓಡಿಸುವುದಿಲ್ಲ ಎಂದು ನನಗೆ ಮಾತು ಕೊಡು. ಬಣ್ಣ ಬಳಿಯದ ಹಂಪು, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು, ರಸ್ತೆಯಲ್ಲಿ ಮಲಗಿದ ದನ ಇವು ಯಾವ ಹೆಡ್‌ಲೈಟಿಗೂ ಹೊತ್ತಿಗೆ ಸರಿಯಾಗಿ ಕಾಣುವುದಿಲ್ಲ. ಹೊರಡುವ ಮೊದಲು ದಾರಿಯ ನಿಯಮವನ್ನೂ ತಿಳಿದುಕೊ. ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬಂಡೀಪುರದ ಕಾಡಿನ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಕಾಡಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪಶ್ಚಿಮಘಟ್ಟದ ಹುಲ್ಲುಗಾವಲಿನ ಮೇಲೆ ಬೈಕು ಹತ್ತಿಸಿ ಫೋಟೋ ತೆಗೆಸಿಕೊಳ್ಳುವವರ ಜೊತೆ ಸೇರಬೇಡ. ಒಂದು ಚಕ್ರದ ಗೀರು ಸಾಕು, ಮುಂದಿನ ಮಳೆಗೆ ನೀರು ಅದೇ ಗೀರಿನಲ್ಲಿ ಹರಿದು ಮಣ್ಣನ್ನು ಕೊಚ್ಚಿ ಕೊರಕಲು ಮಾಡುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧವೂ ಹೌದು. ಹಳ್ಳಿಗರು ಬಳಸುವ ದಾರಿ ಎಲ್ಲಿಯವರೆಗಿದೆಯೋ ನಮ್ಮ ಬೈಕೂ ಅಲ್ಲಿಯವರೆಗೆ ಮಾತ್ರ ಹೋಗಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಚೈನನ್ನು ಐನೂರು ಕಿಲೋಮೀಟರಿಗೊಮ್ಮೆ ತೊಳೆದು ಲೂಬ್ ಹಚ್ಚು, ಮಳೆಯಲ್ಲಿ ಓಡಿಸಿದ್ದರೆ ಅದೇ ಸಂಜೆ. ಇಂಥ ಬೈಕುಗಳ ಕಡ್ಡಿಚಕ್ರಗಳಲ್ಲಿ ಟ್ಯೂಬ್ ಇರುವುದೇ ಹೆಚ್ಚಾದ್ದರಿಂದ ಪಂಕ್ಚರ್ ಹಾಕಲು ಚಕ್ರವನ್ನೇ ಬಿಚ್ಚಬೇಕು. ಹಳ್ಳಿಯ ಪಂಕ್ಚರ್ ಅಂಗಡಿಯವರು ಸಿಕ್ಕರೆ ಪುಣ್ಯ. ಸಿಗದಿದ್ದರೆ ಎರಡು ಟೈರ್ ಲಿವರು, ಒಂದು ಹೊಸ ಟ್ಯೂಬು, ಗಾಳಿ ಪಂಪು, ಚಕ್ರದ ಆಕ್ಸಲ್‌ಗೆ ಸರಿಹೊಂದುವ ಸ್ಪ್ಯಾನರು ಇವಿಷ್ಟೇ ನಿನ್ನನ್ನು ಮನೆಗೆ ಮುಟ್ಟಿಸಬೇಕು. ಜೊತೆಗೆ ಒಂದು ಕ್ಲಚ್ ಕೇಬಲ್ಲು, ಕ್ಲಚ್ ಮತ್ತು ಬ್ರೇಕ್ ಲಿವರುಗಳು ಇರಲಿ, ಬಿದ್ದಾಗ ಮೊದಲು ಮುರಿಯುವುದು ಅವೇ. ಭಾರದ ಸಾಮಾನನ್ನು ಸೀಟಿನ ಹಿಂದೆ ಗೋಪುರದಂತೆ ಪೇರಿಸದೆ ಎರಡೂ ಪಕ್ಕದ ಚೀಲಗಳಲ್ಲಿ ಕೆಳಗೆ ಹಾಕು.

ಈಗ ಲಡಾಖ್. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಬೆಂಗಳೂರಿನ ಎತ್ತರ ಒಂಬೈನೂರು ಚಿಲ್ಲರೆ. ಮನಾಲಿಯಿಂದ ಹೊರಟ ಹಲವರು ಮೊದಲ ರಾತ್ರಿಯೇ 4,200 ಮೀಟರಿಗೂ ಮೇಲಿರುವ ಸರ್ಚುವಿನಲ್ಲಿ ಮಲಗಿ ತಲೆನೋವು, ವಾಂತಿಯಿಂದ ನರಳುತ್ತಾರೆ. ಶ್ರೀನಗರ, ಕಾರ್ಗಿಲ್ ಮಾರ್ಗದಲ್ಲಿ ಎತ್ತರ ನಿಧಾನವಾಗಿ ಏರುವುದರಿಂದ ಮೈ ಹೊಂದಿಕೊಳ್ಳುತ್ತದೆ, ಆದ್ದರಿಂದ ಹೋಗುವಾಗ ಆ ದಾರಿ, ಬರುವಾಗ ಮನಾಲಿ. ಲೇಹ್ ತಲುಪಿದ ಮೇಲೆ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಂಡು ಆಮೇಲೆ ಇನ್ನೂ ಎತ್ತರದ ಕಣಿವೆಮಾರ್ಗವಾದ ಖರ್ದುಂಗ್ ಲಾ ಹತ್ತಬೇಕು. ತಲೆನೋವು ಹೆಚ್ಚಾಗಿ ನಡಿಗೆ ತೂರಾಡತೊಡಗಿದರೆ ಅದಕ್ಕೆ ಮದ್ದು ಕೆಳಗಿಳಿಯುವುದೊಂದೇ, ಹಗಲಿರಲಿ ಇರುಳಿರಲಿ. ಅಂಥ ಹೊತ್ತಿನಲ್ಲಿ ಕೈ ಬೈಕಿನ ಬಗ್ಗೆ ಯೋಚಿಸುವಂತಿರಬಾರದು. ಕ್ಲಚ್ಚು, ಬ್ರೇಕು, ನಿಂತು ಓಡಿಸುವುದು, ಬಿದ್ದಿದ್ದನ್ನು ಎತ್ತುವುದು ಎಲ್ಲವೂ ಅಭ್ಯಾಸವಾಗಿ ಹೋಗಿರಬೇಕು. ನಾನು ಒಂದು ವರ್ಷ ಕೇಳುತ್ತಿರುವುದು ಇದಕ್ಕೇ.

ವಿಮೆಯ ಕಾಗದದಲ್ಲಿ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ನೋಡು. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಎಂಬುದನ್ನು ಫೋನಿನಲ್ಲಿಯೂ, ರಕ್ತದ ಗುಂಪು ಮತ್ತು ಮನೆಯ ನಂಬರನ್ನು ಜಾಕೆಟ್ಟಿನ ಜೇಬಿನ ಚೀಟಿಯಲ್ಲಿಯೂ ಬರೆದಿಟ್ಟುಕೊ. ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ತಲುಪುವೆ ಎಂಬುದನ್ನು ಅಮ್ಮನಿಗೆ ಪ್ರತಿ ಸಲ ಹೇಳಿಯೇ ಹೊರಡು. ಅವಳ ಆತಂಕವನ್ನು ಅಡ್ಡಿ ಎಂದುಕೊಳ್ಳಬೇಡ.

ಬೈಕು ನೋಡಲು ಹೋಗುವಾಗ ನನ್ನನ್ನು ಕರೆ. ಹಳೆಯ ಬೈಕಿನ ಫೋರ್ಕಿನ ಎಣ್ಣೆ ಸೋರಿಕೆ, ಕಡ್ಡಿಗಳ ಬಿಗಿ, ಚೈನ್ ಸ್ಪ್ರಾಕೆಟ್ಟಿನ ಹಲ್ಲುಗಳ ಸವೆತ, ಇವನ್ನು ಇಬ್ಬರೂ ಕೂಡಿಯೇ ನೋಡೋಣ. ಕೊಂಡ ಮೇಲೆ ಬರುವ ಮೊದಲ ಭಾನುವಾರ ನಮ್ಮ ಮನೆಗೆ ತಂದುಬಿಡು, ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಅಂಗಳದಲ್ಲಿಯೇ ಕಲಿಸುತ್ತೇನೆ. ಬೆಳಿಗ್ಗೆ ಬೇಗ ಬಾ, ನಿನ್ನ ಅತ್ತೆ ತಿಂಡಿ ಮಾಡಿಟ್ಟಿರುತ್ತಾಳೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ