ರೋಗ್‌ಲೈಕ್ ಅಂದ್ರೆ ಯಾವುದು? ಗುಂಪಿಗೆ ಒಂದು ಸೂಚನೆ

ಗೆಳೆಯರೇ, ನಿನ್ನೆಯಿಂದ ‘ರೋಗ್‌ಲೈಕ್’ (ಅಂದರೆ ‘ರೋಗ್’ ಎಂಬ ಹಳೇ ಕಂಪ್ಯೂಟರ್ ಗೇಮಿನಂಥದ್ದು) ಪದದ ಬಗ್ಗೆ ಜೋರು ವಾದ ನಡೆದಿದೆ. ಹಳೇ ‘ರೋಗ್’ ಥರವೇ ಇದ್ದರೆ ಮಾತ್ರ ಆ ಹೆಸರು ಅಂತ ಕೆಲವರು, ಈಗಿನ ಬೇರೆ ಬಗೆಯ ಗೇಮ್‌ಗಳಿಗೂ ಸಲ್ಲುತ್ತದೆ ಅಂತ ಉಳಿದವರು. ಎರಡೂ ಕಡೆಯವರು ಹೇಳುವುದು ಸರಿ. ಅರ್ಥವೇ ಬದಲಾಗಿದೆ.

1980ರಲ್ಲಿ ‘ರೋಗ್’ ಬಂತು. ಕೀಬೋರ್ಡಿನ ಅಕ್ಷರಗಳಲ್ಲೇ ಬಿಡಿಸಿದ ನೆಲಮಾಳಿಗೆ. ಪ್ರತಿ ಸಲ ಹೊಸ ನಕ್ಷೆ, ಸತ್ತರೆ ಮೊದಲಿಂದ ಶುರು. ನೀವು ಒಂದು ಹೆಜ್ಜೆ ಇಟ್ಟರೆ ಮಾತ್ರ ಶತ್ರುವೂ ಹೆಜ್ಜೆ ಇಡುತ್ತಾನೆ, ಅಂದರೆ ಸರದಿ ಆಟ. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು, ನನಗೆ ಇವತ್ತಿಗೂ ಇಷ್ಟವಾಗುವುದು ಅದೇ. 1987ರ ‘ನೆಟ್‌ಹ್ಯಾಕ್’ ಕೂಡ ಇದೇ ದಾರಿಯದು. 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಗೇಮ್ ತಯಾರಕರು ಈ ಲಕ್ಷಣಗಳ ಪಟ್ಟಿಯನ್ನೇ ಮಾಡಿದರು.

ಅದೇ ವರ್ಷ ‘ಸ್ಪೆಲಂಕಿ’ ಬಂತು. ಅದು ಓಡಿ ಹಾರುವ ಆಟ, ಸರದಿ ಇಲ್ಲ. ಆದರೆ ಹೊಸ ನಕ್ಷೆ, ಸತ್ತರೆ ಎಲ್ಲ ಹೋಗುವ ಭಯ ಎರಡೂ ಇದ್ದವು. ಅಲ್ಲಿಂದ ಹೆಸರು ಹಿಗ್ಗುತ್ತಾ ಹೋಯಿತು. 2013ರ ‘ರೋಗ್ ಲೆಗಸಿ’ ತನ್ನನ್ನು ‘ರೋಗ್‌ಲೈಟ್’ ಅಂದುಕೊಂಡಿತು. ಅದರಲ್ಲಿ ಸತ್ತರೂ ಸ್ವಲ್ಪ ಗಳಿಕೆ ಉಳಿಯುತ್ತದೆ. 2020ರ ‘ಹೇಡೀಸ್’ನಲ್ಲೂ ಹಾಗೇ, ಅಲ್ವಾ?

ಹಾಗಾಗಿ ಇನ್ನು ಮುಂದೆ ಗೇಮ್ ಸೂಚಿಸುವಾಗ ಸುಮ್ನೆ ‘ರೋಗ್‌ಲೈಕ್’ ಅಂತ ಬರೆಯಬೇಡಿ. ಸರದಿ ಆಟವೋ ಅಲ್ಲವೋ, ಸತ್ತ ಮೇಲೆ ಏನಾದರೂ ಉಳಿಯುತ್ತದೋ ಇಲ್ಲವೋ, ಎರಡು ಮಾತು ಜಾಸ್ತಿ ಸೇರಿಸಿ.