ನೆಲದಡಿಯ ಮಾಲಿನ್ಯಕ್ಕೆ ಕಡತದ ಪಾಲನೆ ಸಾಲದು

ಮಾನ್ಯರೇ,

ಕಾರ್ಖಾನೆಗಳಿಗೆ ಪರಿಸರ ನಿಯಮ ಪಾಲನೆಯಲ್ಲಿ ನೆರವಾಗುವ ಸಲಹಾ ಸೇವೆಯು ಅನುಮತಿ ಪತ್ರ ನವೀಕರಿಸುವ, ವರದಿ ಸಲ್ಲಿಸುವ ಕೆಲಸಕ್ಕಷ್ಟೇ ಸೀಮಿತವಾಗಬಾರದು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕ ನೀರಿಗಿಂತ ಭಾರವಾದ್ದರಿಂದ, ಸೋರಿದಾಗ ಅಂತರ್ಜಲದ ಮೇಲೆ ತೇಲದೆ ಅದರೊಳಗಿಳಿದು, ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡು, ದಶಕಗಳ ಕಾಲ ಸ್ವಲ್ಪಸ್ವಲ್ಪವೇ ಕರಗುತ್ತ ಸುತ್ತಲಿನ ಬಾವಿಗಳನ್ನು ಕೆಡಿಸಬಲ್ಲದು. ಪೆಟ್ರೋಲ್, ಡೀಸೆಲ್ ಹಾಗಲ್ಲ. ಅವು ಜಲಮಟ್ಟದ ಮೇಲೆ ತೇಲುತ್ತವೆ. ಆದ್ದರಿಂದ ಅಂತರ್ಜಲದ ಮಾದರಿ ತೆಗೆದು ಮಾಲಿನ್ಯ ಪರೀಕ್ಷಿಸುವ ನಿಗಾ ಬಾವಿಗಳನ್ನು ಎಲ್ಲಿ, ಎಷ್ಟು ಆಳಕ್ಕೆ ಕೊರೆಯಬೇಕೆಂಬುದನ್ನು ರಾಸಾಯನಿಕದ ಗುಣವನ್ನೂ ಅಂತರ್ಜಲ ಹರಿಯುವ ದಿಕ್ಕನ್ನೂ ಬಲ್ಲವರೇ ನಿರ್ಧರಿಸಬೇಕು. ತಪ್ಪಾದ ಜಾಗದಲ್ಲಿ ಕೊರೆದ ಬಾವಿಯ ಶುದ್ಧ ನೀರು ಸುಳ್ಳು ಸಮಾಧಾನವನ್ನಷ್ಟೇ ಕೊಡುತ್ತದೆ.

ಅಮೆರಿಕದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ತ್ಯಾಜ್ಯ ಹೂತ ಜಾಗದಲ್ಲಿ ಶಾಲೆ, ಅದರ ಸುತ್ತ ಮನೆಗಳು ಎದ್ದು, 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ಬಳಿಕ ಬಂದ 1980ರ ಸೂಪರ್‌ಫಂಡ್ ಕಾಯ್ದೆಯು ಶುದ್ಧೀಕರಣದ ಹೊಣೆಯನ್ನು ಮಾಲಿನ್ಯ ಮಾಡಿದವರ ಜೊತೆಗೆ ಜಾಗದ ಈಗಿನ ಮಾಲೀಕರ ಮೇಲೂ ಹೊರಿಸಿದ್ದರಿಂದ, ಖರೀದಿಗೆ ಮುನ್ನ ಜಾಗದ ಪೂರ್ವೇತಿಹಾಸ ಪರಿಶೀಲಿಸಿ, ಸಂಶಯವಿದ್ದರೆ ಮಣ್ಣು, ನೀರು ಪರೀಕ್ಷಿಸುವುದು ಅಲ್ಲಿ ರೂಢಿಯಾಯಿತು. ಈ ಎಚ್ಚರ ಎಲ್ಲೆಡೆಯೂ ಬೇಕು.

ದೊಡ್ಡ ಕಂಪನಿಗಳು ತಜ್ಞರನ್ನು ನೇಮಿಸಿಕೊಳ್ಳಬಲ್ಲವು. ಸಣ್ಣ ಘಟಕಗಳಿಗೆ ಆ ಶಕ್ತಿಯಿಲ್ಲ. ಅವುಗಳಿಗಾಗಿ ಉದ್ಯಮ ಸಂಘಗಳು ಸಾಮೂಹಿಕವಾಗಿ ತಜ್ಞರ ನೆರವು ಒದಗಿಸಲಿ. ಸೋರಿಕೆಯನ್ನು ತಾವಾಗಿಯೇ ತಿಳಿಸಿ ಸರಿಪಡಿಸಲು ಮುಂದಾಗುವವರಿಗೆ ದಂಡದಲ್ಲಿ ರಿಯಾಯಿತಿ ಸಿಗಲಿ. ಮುಚ್ಚಿಟ್ಟವರಿಗೆ ಮಾತ್ರ ಯಾವ ವಿನಾಯಿತಿಯೂ ಬೇಡ.

– ಓರ್ವ ಪರಿಸರ ಎಂಜಿನಿಯರ್